ಹೊಲಿಯಬಾರದಿದ್ದ ಗಾಯ

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟದ ಮೇಲೆ

ಪ್ರೀತಿಯ ಡಾಕ್ಟರಮ್ಮನಿಗೆ ಮಾವನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಎಂದು ಕೇಳಿ ನಿನ್ನ ಕೈಲಿ ಸುಳ್ಳು ಹೇಳಿಸುವುದಿಲ್ಲ. ನಿಂತಲ್ಲೇ ಎರಡು ಬಿಸ್ಕತ್ತು, ಆರಿ ತಣ್ಣಗಾದ ಚಹಾ, ಅದರಲ್ಲೂ ಅರ್ಧ ಪಕ್ಕದವರಿಗೆ. ನಿನ್ನ ಊಟದ ವೈಭವವನ್ನು ನಾನು ಕಣ್ಣಾರೆ ಕಂಡವನು. ಕಾಲಿಗೆ ಬಾವು ಬರುವುದು ಕಡಿಮೆಯಾಯಿತೇ? ನಿಂತು ದುಡಿಯುವವರ ಕಷ್ಟ ನಿಂತವರಿಗೇ ಗೊತ್ತು, ನಾನೂ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಆಯುಸ್ಸು ಸವೆಸಿದವನಲ್ಲವೇ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ಡೇರೆ ಆಸ್ಪತ್ರೆಯಲ್ಲಿ ಎರಡನೇ ದಿಂಬು ಎಲ್ಲಿಂದ ಬರಬೇಕು, ಇಲ್ಲದಿದ್ದರೆ ನಿನ್ನ ಬೂಟುಗಳನ್ನೇ ಇಟ್ಟುಕೋ. ನೀನಿರುವ ಜಾಗಕ್ಕೆ ಗುಂಡಿನ ಸದ್ದು ಕೇಳುತ್ತದಂತೆ, ನಿನ್ನ ಗಂಡ ಹೇಳಿದ. ಹೆದರಿಕೆ ಆಗಲ್ವಾ ಅಂತ ಅವನು ಕೇಳಿದ್ದಕ್ಕೆ "ಸದ್ದು ಇರೋ ತನಕ ಪರವಾಗಿಲ್ಲ, ಸದ್ದು ನಿಂತ ಮೇಲೇ ನಮ್ಮ ಕೆಲಸ ಶುರು" ಅಂದೆಯಂತೆ. ಆ ಮಾತು ಕೇಳಿದ ಮೇಲೆ ನಮ್ಮ ಬೀದಿಯಲ್ಲಿ ಯಾರಾದರೂ ಪಟಾಕಿ ಹೊಡೆದು ನಿಲ್ಲಿಸಿದರೂ ನನಗೆ ನಿನ್ನ ನೆನಪಾಗುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಒಂದು ಸಾಲು ಬರೆದು ದಾಟಿಬಿಡಬಹುದಿತ್ತು. ಮನೆ ನಿಂತಿದೆ. ಅಂಗಡಿಯ ಮುಂಗೋಡೆಯ ಬಿರುಕಿಗೆ ಗಾರೆಯವನು ತೇಪೆ ಹಾಕಿ ಹೋಗಿದ್ದಾನೆ. ನೋಡಿದರೆ ಕರಿ ಪ್ಯಾಂಟಿಗೆ ಬಿಳಿ ದಾರದಲ್ಲಿ ಹೊಲಿದ ಹಾಗಿದೆ, ಆದರೆ ಅವನಿಗೆ ಏನೂ ಹೇಳಲಿಲ್ಲ. ಬೇರೆಯವರ ಕಸುಬಿಗೆ ಹೆಸರಿಡುವ ಚಾಳಿ ಈಚೆಗೆ ಬಿಟ್ಟಿದ್ದೇನೆ, ಯಾಕೆಂದು ನಿನಗೆ ಗೊತ್ತು. ನಿನ್ನ ಅತ್ತೆಯ ನಾಲಿಗೆಗೆ ಮಾತ್ರ ಭೂಕಂಪದಿಂದ ಕೂದಲೆಳೆಯಷ್ಟೂ ಪೆಟ್ಟಾಗಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತೇ ಬೀದಿಯನ್ನೆಲ್ಲ ಆಳುತ್ತಾಳೆ. ಹಾಲಿನವನು ಮೊನ್ನೆ ತಡವಾಗಿ ಬಂದು "ಕಾಯ್ತಿದ್ರಾ ಅಮ್ಮಾ" ಅಂದ. "ಹೂಂ ಕಣಪ್ಪ, ನಿನ್ನ ಹಾಲಿಗೋಸ್ಕರ ಒಂಟಿ ಕಾಲಲ್ಲಿ ಕಾಯ್ತಿದ್ದೆ" ಅಂದಳು. ಅವನು ಪಾಪ, ನಗಬೇಕೋ ಅಳಬೇಕೋ ತಿಳಿಯದೆ ಅರ್ಧ ಲೋಟ ಹಾಲು ಹೆಚ್ಚಿಗೆ ಹಾಕಿ ಓಡಿದ. ನಾನೂ ನಗಲಿಲ್ಲ. ಮನೆಯಲ್ಲಿ ಅವಳೊಬ್ಬಳೇ ಆ ಕಾಲಿನ ಬಗ್ಗೆ ತಮಾಷೆ ಮಾಡಬಲ್ಲವಳು.

ವಿಷಯಕ್ಕೆ ಬರುತ್ತೇನೆ. ಮೊಣಕಾಲ ಕೆಳಗೆ ಉಳಿದ ತುಂಡಿನ ತುದಿಯಲ್ಲಿ ಮೂಳೆ ಚೂಪಾಗಿ ಚರ್ಮಕ್ಕೆ ಒತ್ತುತ್ತಿದೆ. ಹೊಸ ಆಸ್ಪತ್ರೆಯ ಮೂಳೆ ಡಾಕ್ಟರು ಒಳ್ಳೆಯವರು, ತಾಳ್ಮೆಯಿಂದ ನೋಡಿದರು. ತುದಿಯನ್ನು ಸ್ವಲ್ಪ ಸವರಿ ಮೇಲೆ ಚರ್ಮ ಸರಿಯಾಗಿ ಹೊದಿಸಿದರೆ ಕೃತಕ ಕಾಲು ಚೆನ್ನಾಗಿ ಕೂರುತ್ತದಂತೆ, ಕೋಲು ಹಿಡಿದು ಮಾರುಕಟ್ಟೆಗೂ ಹೋಗಿಬರಬಹುದಂತೆ. ಆದರೆ ಸದಾ ಕುರ್ಚಿಯಲ್ಲಿ ಕೂತು ಕೂತು ಮೊಣಕಾಲು ಮಡಚಿದಲ್ಲೇ ಬಿಗಿಯುತ್ತಿದೆ. ಈ ಚಳಿಗಾಲ ಮುಗಿಯುವುದರೊಳಗೆ ಮಾಡಿಸಿ ನಡೆಸಲು ಶುರು ಮಾಡದಿದ್ದರೆ ಆಮೇಲೆ ಬಂಗಾರದ ಕಾಲು ತಂದರೂ ನಿಲ್ಲುವುದಿಲ್ಲ ಅಂದರು. ನಿನ್ನ ಅತ್ತೆ ಅವರ ಮುಖಕ್ಕೇ ಹೇಳಿದಳು: "ಮನೇಲಿರೋ ಡಾಕ್ಟ್ರೇ ಇಷ್ಟು ಮಾಡಿದ್ಲು. ನೀವು ಹೊರಗಿನೋರು, ಇನ್ನೆಷ್ಟು ಮಾಡ್ತೀರೋ! ಇರೋಷ್ಟು ಕಾಲಲ್ಲೇ ಇರ್ತೀನಿ ಬಿಡಿ." ಮೂಳೆ ಡಾಕ್ಟರು ನನ್ನ ಕಡೆ ತಿರುಗಿ, ಏನು ಸಮಾಚಾರ ಎಂಬಂತೆ ನೋಡಿದರು. ನಾನು ಅವರ ಕೋಣೆಯಲ್ಲಿ ನೇತುಹಾಕಿದ್ದ ಅಸ್ಥಿಪಂಜರದ ಹಲ್ಲು ಎಣಿಸುತ್ತಿದ್ದೆ.

ಈ ಪತ್ರ ಶುರು ಮಾಡಿದ್ದು ನಿನಗೊಂದು ಕೆಲಸ ಹೇಳುವುದಕ್ಕೆ. ಅತ್ತೆಗೆ ನೀನೇ ನಾಲ್ಕು ಸಾಲು ಬರೆ. ಆವತ್ತಿನ ಗಡಿಬಿಡಿಯಲ್ಲಿ ನನ್ನಿಂದ ತಪ್ಪಾಯಿತು ಅತ್ತೆ, ಈಗ ಹಾಗಾಗುವುದಿಲ್ಲ, ಧೈರ್ಯವಾಗಿ ಮಾಡಿಸಿಕೊಳ್ಳಿ ಅಂತ ಬರೆದರೆ ಅವಳು ಕರಗುತ್ತಾಳೆ, ಆಪರೇಷನ್‌ಗೆ ಒಪ್ಪುತ್ತಾಳೆ.

ಇಷ್ಟು ಬರೆದು, ನಾನೇ ಒಮ್ಮೆ ಓದಿಕೊಂಡೆ. ಮಗೂ, ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಮಾಡಿದವನು ನಾನು. ಅದನ್ನು ನಿನ್ನ ತಲೆಗೆ ಕಟ್ಟಿದ್ದು ಸಾಲದು ಎಂದು, ಈಗ ಹೌದು ನನ್ನದೇ ತಪ್ಪು ಅಂತ ನಿನ್ನ ಕೈಯಿಂದಲೇ ಬರೆಸಿಕೊಳ್ಳಲು ಹೊರಟಿದ್ದೇನೆ. ಹಾಳೆ ಹರಿದು ಬೇರೆ ಪತ್ರ ಶುರು ಮಾಡಬಹುದು, ಮಾಡುವುದಿಲ್ಲ. ಬರೆದದ್ದು ಬರೆದ ಹಾಗೇ ಇರಲಿ. ಇಷ್ಟು ಕೀಳಾಗಿ ಯೋಚಿಸಬಲ್ಲ ಮನುಷ್ಯ ನಿನ್ನ ಮಾವ ಎಂದು ನಿನಗೂ ತಿಳಿದಿರಲಿ. ನಡೆದದ್ದರಲ್ಲಿ ನಿನಗೆ ಅರ್ಧ ಗೊತ್ತು. ಉಳಿದರ್ಧ ನೀನು ಇಲ್ಲದಿದ್ದಾಗ ಆದದ್ದು, ಅದನ್ನು ನಾನಾಗಿ ಯಾವತ್ತೂ ಹೇಳಲಿಲ್ಲ, ನೀನಾಗಿ ಕೇಳಲೂ ಇಲ್ಲ.

ಭೂಕಂಪಕ್ಕೆ ಆಸ್ಪತ್ರೆ ಕುಸಿದ ದಿನ ನೀನು ಬಸ್ ಡಿಪೋದ ರಿಪೇರಿ ಶೆಡ್ಡಿಗೆ ನುಗ್ಗಿ ಮೆಕ್ಯಾನಿಕ್‌ಗಳ ಕೈಗೆ ಪೊರಕೆ ಕೊಟ್ಟದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೆಲಕ್ಕಂಟಿದ್ದ ಗ್ರೀಸನ್ನು ಸೀಮೆಎಣ್ಣೆ ಹಾಕಿ ತಿಕ್ಕಿಸಿದೆ, ಅದರ ಮೇಲೆ ಸೋಪಿನ ನೀರು, ಅದರ ಮೇಲೆ ಫಿನಾಯಿಲು. "ಸೊಂಟದ ಎತ್ತರಕ್ಕೆ ಗಟ್ಟಿ ಮೇಜು ಬೇಕು" ಅಂದೆ. ನಾಲ್ಕು ಜನ ಹೋಗಿ ನನ್ನ ಅಂಗಡಿಯ ಮೇಜು ಹೊತ್ತುಕೊಂಡು ಬಂದರು. ಊರಿನ ಅರ್ಧ ಗಂಡಸರ ಅಂಗಿ ಪ್ಯಾಂಟು ಕತ್ತರಿಸಿದ ಮೇಜಿನ ಮೇಲೆ ಈಗ ಆ ಗಂಡಸರೇ ಮಲಗತೊಡಗಿದರು. ಬಸ್ಸಿನ ಹೆಡ್‌ಲೈಟು ಬಿಚ್ಚಿ ಬ್ಯಾಟರಿಗೆ ಸಿಕ್ಕಿಸಿ ಕಂಬಕ್ಕೆ ಕಟ್ಟಿದರು. ಚಿಮಟ, ಕತ್ತರಿಗಳನ್ನು ಪ್ರೆಷರ್ ಕುಕ್ಕರಿನಲ್ಲಿಟ್ಟು ಬೇಯಿಸಿದರು. "ಎಷ್ಟು ಸೀಟಿ ಕೂಗಿಸಬೇಕು ಡಾಕ್ಟರಮ್ಮಾ?" ಅಂತ ಹೆಡ್ ಮೆಕ್ಯಾನಿಕ್ ಕೇಳಿದ್ದಕ್ಕೆ ನೀನು ತಲೆಯೆತ್ತದೆ, "ಸೀಟಿ ಬೇಡ ಅಣ್ಣಾ, ಗಡಿಯಾರ ನೋಡಿ. ಇದು ಬೇಳೆಯಲ್ಲ" ಅಂದೆ. ಅರಿವಳಿಕೆಯ ಔಷಧಿ ಕೊಟ್ಟರೆ ಜನ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದರಲ್ಲ, ಆ ಕಂಡಕ್ಟರ್ ನೆನಪಿದೆಯಾ? ತೊಡೆಯಿಂದ ಕಬ್ಬಿಣದ ಚೂರು ತೆಗೆಯುತ್ತಿದ್ದರೆ ಅವನು "ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಜಾಗ ಖಾಲಿ ಇದೆ!" ಅಂತ ಒಂದೇ ಸಮನೆ ಕೂಗುತ್ತಿದ್ದ. ಹೊರಗೆ ಸಾಲಾಗಿ ಮಲಗಿದ್ದವರು ನೋವಿನಲ್ಲೂ ನಕ್ಕರು. ನಾನು ಟಿಕೆಟ್ ಕೌಂಟರಿನಲ್ಲಿ ನನ್ನ ಮಿಷನ್ ಇಟ್ಟುಕೊಂಡು ಹಾಸಿಗೆ ಬಟ್ಟೆಗಳನ್ನು ನಿಮ್ಮ ನಿಲುವಂಗಿಗಳಾಗಿ, ಹೊದಿಕೆಗಳಾಗಿ, ಪಟ್ಟಿಗಳಾಗಿ ಹೊಲಿಯುತ್ತಿದ್ದೆ. ಬಂದವರಿಗೆಲ್ಲ "ಒಳಗಿರೋದು ನಮ್ಮ ಸೊಸೆ" ಅನ್ನುತ್ತಿದ್ದೆ. ಕೇಳದವರಿಗೂ ಅನ್ನುತ್ತಿದ್ದೆ. ಸಾಲಿನಲ್ಲಿ ನೋವು ತಿನ್ನುತ್ತ ಮಲಗಿದವರಿಗೆ ನನ್ನ ಜಂಬ ಯಾಕೆ ಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಿನ್ನ ಕಟ್ಟಪ್ಪಣೆ ಒಂದೇ ಆಗಿತ್ತು. ಮುಖ, ತಲೆಯ ಗಾಯ ಕೂಡಲೇ ಹೊಲಿಯಬಹುದು. ಕೈ ಕಾಲಿನದ್ದು, ಮಣ್ಣು ಸೇರಿದ್ದು, ಯಾರೂ ಹೊಲಿಯಬಾರದು. ಚೆನ್ನಾಗಿ ತೊಳೆದು, ಸತ್ತ ಮಾಂಸ ತೆಗೆದು, ಬಾಯಿ ತೆರೆದೇ ಬಿಟ್ಟು ಮೇಲೆ ಸಡಿಲವಾಗಿ ಬಟ್ಟೆ ಮುಚ್ಚಬೇಕು. ನಾಲ್ಕೈದು ದಿನ ಕಳೆದು ಸ್ವಚ್ಛವಾಗಿದ್ದರೆ ಆಗ ಹೊಲಿಗೆ. ನರ್ಸಮ್ಮನಿಗೆ ಹೇಳಿದೆ, ಸಹಾಯಕ್ಕೆ ಬಂದಿದ್ದ ಹಲ್ಲಿನ ಡಾಕ್ಟರಿಗೆ ಹೇಳಿದೆ, ಕಸ ಗುಡಿಸುವವರಿಗೂ ಹೇಳಿದೆ. ನನಗಂತೂ ಬಿಡಿಸಿ ಹೇಳಿದೆ: "ಕೊಳೆ ಒಳಗಿಟ್ಟು ಬಾಗಿಲು ಹಾಕಿದ್ರೆ ಒಳಗೊಳಗೇ ಕೊಳೆಯುತ್ತೆ ಮಾವ. ಇಂಥ ಕಡೆ ಬೇಗ ಹೊಲಿದೋರೇ ಜನರನ್ನ ಕೊಂದಿರೋದು." ನಾನು ಹೂಂ ಅಂದೆ. ತಲೆಯನ್ನೂ ಆಡಿಸಿದೆ. ಆಡಿಸಿದ ತಲೆಯೊಳಕ್ಕೆ ಮಾತು ಇಳಿಯಲಿಲ್ಲ.

ನಿನ್ನ ಅತ್ತೆಯನ್ನು ಅಂಗಡಿಯ ಬಾಗಿಲ ಮೇಲಿನ ಕಲ್ಲಿನ ಕೆಳಗಿಂದ ಎಳೆದು ತಂದಾಗ ಮೀನಖಂಡದಲ್ಲಿ ಮುಷ್ಟಿ ಇಳಿಯುವಷ್ಟು ಗಾಯ. ನೀನೇ ತೊಳೆದೆ. ಎಷ್ಟು ಹೊತ್ತು ತೊಳೆದೆ! ಬಿಂದಿಗೆ ಬಿಂದಿಗೆ ನೀರು ಹೋಯಿತು. ಹೊರಗೆ ಕಾಯುತ್ತಿದ್ದವರು "ಮನೆಯೋರು ಅಂತ ಇಷ್ಟು ಹೊತ್ತು" ಎಂದು ಗೊಣಗಿದ್ದೂ ನನ್ನ ಕಿವಿಗೆ ಬಿತ್ತು. ಎಲುಬು ನೆಟ್ಟಗಿದೆ, ಪಾದ ಬೆಚ್ಚಗಿದೆ, ಕಾಲು ಉಳಿಯುತ್ತೆ ಅಂದೆ. ಉಳಿಯುತ್ತಿತ್ತು. ಮಾರನೇ ದಿನ ಕಲ್ಲುಕ್ವಾರಿಯ ಕಡೆಯಿಂದ ಲಾರಿ ಬಂತು, ಅಲ್ಲಿ ಅಲುಗಾಡಿಸಲಾಗದವರು ಇದ್ದಾರೆ ಅಂತ ನಿನ್ನನ್ನೂ ನರ್ಸಮ್ಮನನ್ನೂ ಕರೆದುಕೊಂಡು ಹೋದರು. ಸಂಜೆಗೆ ಬರುತ್ತೇನೆ ಅಂದವಳು ರಸ್ತೆ ಕುಸಿದು ಅಲ್ಲೇ ಸಿಕ್ಕಿಕೊಂಡೆ.

ಪಕ್ಕದ ಹಾಸಿಗೆಯಲ್ಲಿ ಟೀಚರಮ್ಮ ಮಲಗಿದ್ದರು, ಕೆನ್ನೆಯ ಮೇಲೆ ನೀನು ಹಾಕಿದ ಹೊಲಿಗೆ. ಎಂಥ ಹೊಲಿಗೆ ಮಾರಾಯ್ತಿ! ರೇಷ್ಮೆ ರವಿಕೆಯ ಕತ್ತಿಗೆ ನಾನೂ ಅಷ್ಟು ಸಣ್ಣ ಹಾಕಲಾರೆ. ನಿನ್ನ ಅತ್ತೆ ಅದನ್ನು ನೋಡಿದಳು, ತನ್ನ ಕಾಲು ನೋಡಿಕೊಂಡಳು. ನೋವು ಬೇರೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ ಹಾಗಾಯ್ತು. ಕಂಡೋರಿಗೆಲ್ಲ ಹೊಲಿದ್ಲು, ನನ್ನ ಕಾಲು ಮಾತ್ರ ಬಾಯಿ ಬಿಟ್ಕೊಂಡು ಬಿದ್ದಿದೆ. ಮನೇಲೇ ಟೈಲರ್ ಇದಾನಲ್ಲ ಅಂತ ಬಿಟ್ಲೋ ಏನೋ" ಅಂದಳು. ಟೀಚರಮ್ಮ ಕೆನ್ನೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕು ಸುಮ್ಮನಾಗಬೇಕಿತ್ತು. ಆದರೆ ಆ ಮಾತು ಮುಳ್ಳಿನಂತೆ ಕೂತಿತು. ಆಮೇಲೆ ಹಲ್ಲಿನ ಡಾಕ್ಟರು ಮೇಲಿನ ಬಟ್ಟೆ ಬದಲಾಯಿಸುವಾಗ ಗಾಯ ನೋಡಿದೆ. ಅಂಚು ತೆರೆದ ಬಟ್ಟೆ ಕಂಡರೆ ನನ್ನ ಬೆರಳುಗಳು ತಾವಾಗಿ ಸೂಜಿ ಹುಡುಕುತ್ತವೆ, ಅದು ಕಸುಬಿನ ದೋಷ ಅನ್ನು. ಆದರೆ ಎಲ್ಲವನ್ನೂ ಕಸುಬಿನ ಮೇಲೆ ಹಾಕಲಾರೆ. ಮನಸ್ಸಿನಲ್ಲಿ ಬಂದ ಯೋಚನೆ ಇನ್ನೂ ಕೀಳು. ಸೊಸೆಗೆ ಸುಸ್ತಾಗಿತ್ತು, ಮನೆಯವರು ಅಂತ ಸದರ, ಅದಕ್ಕೇ ಅರ್ಧಕ್ಕೆ ಬಿಟ್ಟು ಮೇಲೊಂದು ನಿಯಮ ಹೇಳಿ ಹೋದಳು ಅಂದುಕೊಂಡೆ. ನಿನ್ನ ಕಣ್ಣ ಕೆಳಗಿನ ಕಪ್ಪು ನೋಡಿದ್ದವನೇ ಹೀಗೆ ಅಂದುಕೊಂಡೆ.

ಹಲ್ಲಿನ ಡಾಕ್ಟರನ್ನು ಟೈರುಗಳ ರಾಶಿಯ ಹಿಂದೆ ಕರೆದುಕೊಂಡು ಹೋಗಿ ಹೊಲಿದುಬಿಡಿ ಅಂದೆ. ಪಾಪದ ಮನುಷ್ಯ, ಬೆವರು ಒರೆಸಿಕೊಂಡರು. "ಬಾಯೊಳಗೆ ಹೊಲಿಯೋದು ಬೇರೆ, ಕಾಲು ಬೇರೆ ಮಾಸ್ತರ್. ಡಾಕ್ಟರಮ್ಮ ಬೇಡ ಅಂತ ಸಾರಿ ಸಾರಿ ಹೇಳಿದಾರೆ" ಅಂದರು. ಅವರ ಮಗನ ಮದುವೆಗೆ ನಾನು ಹೊಲಿದುಕೊಟ್ಟ ಕೋಟು ನೆನಪಿಸಿದೆ. ಜಗ್ಗಲಿಲ್ಲ. ಆಗ ನಾನು ಹೇಳಿದೆ, "ಅವಳೇ ಹೇಳಿ ಹೋಗಿದ್ದಾಳೆ. ಸಂಜೆಯೊಳಗೆ ಬರದಿದ್ರೆ ಅತ್ತೇದನ್ನ ಹೊಲಿಸಿಬಿಡಿ ಮಾವ ಅಂದ್ಲು. ಸೊಸೆ ಹೆಸರಲ್ಲಿ ನಾನು ಸುಳ್ಳು ಹೇಳ್ತೀನಾ?" ಇಷ್ಟು ಸಲೀಸಾಗಿ ಬಂತು ಮಗೂ, ನನಗೇ ಆಶ್ಚರ್ಯವಾಯಿತು. ಕಾಲರ್ ತಿದ್ದಿ ಕೊಟ್ಟ ಹಾಗೆ. ಅವರು ಸೂಜಿ ತೆಗೆದುಕೊಂಡರು. ಎರಡು ಅಂಚು ಕೂಡಿಸಿ ಹಿಡಿದವನು ನಾನೇ. "ಇಲ್ಲಿ ಸ್ವಲ್ಪ ಎಳೀರಿ, ಸುಕ್ಕು ಬರ್ತಿದೆ" ಅಂತಲೂ ಹೇಳಿದೆ. ಮುಗಿದ ಮೇಲೆ ದೂರ ನಿಂತು ನೋಡಿ ಸಂತೋಷಪಟ್ಟೆ. ನಿನ್ನ ಅತ್ತೆಗೂ ಅದನ್ನೇ ಹೇಳಿದೆ, ಸೊಸೆ ಹೇಳಿಹೋಗಿದ್ದಳು ಅಂತ. "ಅಂತೂ ನೆನಪಾಯ್ತಲ್ಲ ಮಹಾರಾಯ್ತಿಗೆ. ಈಗ ಮನುಷ್ಯರ ಕಾಲಿನ ಹಾಗಿದೆ" ಅಂದು ಕಣ್ಣು ಮುಚ್ಚಿದಳು.

ನೀನು ವಾಪಸು ಬರುವ ಹೊತ್ತಿಗೆ ಅವಳಿಗೆ ಮೈಯೆಲ್ಲ ಕೆಂಡ, ಬಾಯಲ್ಲಿ ಅರ್ಥವಿಲ್ಲದ ಮಾತು. ನೀನು ಲಾರಿಯಿಂದ ಇಳಿದವಳು ಕೈಯನ್ನೂ ತೊಳೆಯುವ ಮೊದಲು ವಾಸನೆ ಹಿಡಿದು ನಿಂತೆ. ಬಟ್ಟೆ ಬಿಚ್ಚಿದೆ. ಹೊಲಿಗೆಯ ಎರಡೂ ಕಡೆ ಕಾಲು ಊದಿ ಕಂಚಿನ ಬಣ್ಣಕ್ಕೆ ತಿರುಗಿತ್ತು. ನೀನು ಬೆರಳಿಟ್ಟು ಒತ್ತಿದಾಗ ಚರ್ಮದ ಕೆಳಗೆ ಚರಚರ ಅಂದದ್ದು ನನಗೂ ಕೇಳಿಸಿತು. "ಇದನ್ನ ಹೊಲಿದೋರು ಯಾರು?" ಅಂದೆ. ಧ್ವನಿ ಎತ್ತಲಿಲ್ಲ. ಶೆಡ್ಡಿನ ತುಂಬ ಜನ, ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ನಾನು ಪಟ್ಟಿ ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ. ಹಲ್ಲಿನ ಡಾಕ್ಟರು ಮುಂದೆ ಬಂದರು. "ನಾನೇ ಮೇಡಂ. ನೀವೇ ಹೇಳಿ ಹೋಗಿದ್ರಂತಲ್ಲ..." ಅಂದರು. ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಒಂದು ಗಳಿಗೆ ಅಷ್ಟೆ. ಆಮೇಲೆ "ಹೌದು, ನಾನೇ ಹೇಳಿದ್ದೆ. ನಿಮ್ಮ ತಪ್ಪಿಲ್ಲ, ಬನ್ನಿ, ನನಗೆ ನಿಮ್ಮ ಕೈ ಬೇಕು" ಅಂದೆ.

ಆಗ ನನಗೆ ಬದುಕಿದೆ ಅನ್ನಿಸಿತು. ನಾಚಿಕೆಯಲ್ಲ ಮಗೂ, ಬದುಕಿದೆ, ಸಿಕ್ಕಿಬೀಳಲಿಲ್ಲ ಅನ್ನಿಸಿತು. ಒಳಗೆ ನನ್ನ ಹೆಂಡತಿಯ ಕಾಲು ಹೋಗುತ್ತಿರುವಾಗ ನನ್ನ ಎದೆಯಲ್ಲಿ ಮೊದಲು ಎದ್ದದ್ದು ಅದು. ಬೇರೆ ಎಲ್ಲದಕ್ಕೂ ಗಡಿಬಿಡಿ, ಅಜ್ಞಾನ, ಪ್ರೀತಿ ಅಂತ ಏನಾದರೂ ನೆಪ ಹೇಳಬಹುದು, ಇದಕ್ಕೆ ನೆಪ ಸಿಗುವುದಿಲ್ಲ. ಕಾಲು ತೆಗೆಯದಿದ್ದರೆ ಜೀವ ಹೋಗುತ್ತೆ ಅಂತ ನೀನು ಹೊರಗೆ ಬಂದು ಹೇಳಿದೆ. "ನೀವು ಇಲ್ಲಿರಬೇಡಿ ಮಾವ" ಅಂದೆ. ನನ್ನದೇ ಮೇಜಿನ ಮೇಲೆ ಅದು ನಡೆಯಿತು. ನಾನು ನಿಂತ ಬಸ್ಸೊಂದರ ಮೆಟ್ಟಿಲ ಮೇಲೆ ಕೂತಿದ್ದೆ. ಆ ತುದಿಯನ್ನೂ ನೀನು ಕೂಡಲೇ ಹೊಲಿಯಲಿಲ್ಲ, ತೆರೆದೇ ಬಿಟ್ಟೆ, ದಿನ ಕಳೆದು, ಸ್ವಚ್ಛವಾದ ಮೇಲೆ ಮುಚ್ಚಿದೆ. ಆ ಸಲ ನಾನು ಉಸಿರೆತ್ತಲಿಲ್ಲ.

ಸೇತುವೆ ಕೆಲಸದ ಊರಿನಿಂದ ನಿನ್ನ ಗಂಡ ಓಡಿಬಂದು ಬಾಗಿಲಲ್ಲೇ ನಿಂತು, "ಊರವರ ಕಾಲೆಲ್ಲ ಉಳಿಸಿದೆಯಂತೆ, ಅಮ್ಮನ ಕಾಲು ಉಳಿಸೋಕಾಗಲಿಲ್ವಾ ನಿನ್ನ ಕೈಲಿ?" ಅಂದ. ಸಿಟ್ಟಿನ ಹುಡುಗನಲ್ಲ ಅವನು, ದುಃಖದಲ್ಲಿ ಅಂದ. ನೀನು ನನ್ನ ಕಡೆ ನೋಡಲಿಲ್ಲ. ಆ ಸಲ ಯಾಕೆ ನೋಡಲಿಲ್ಲ ಅಂತ ನನಗೆ ಗೊತ್ತು. ನೋಡಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು. ಆಮೇಲೆ ನೀವಿಬ್ಬರೂ ಮಾತಾಡುವಾಗ ನಡುವೆ ಒಂದು ಖಾಲಿ ಕುರ್ಚಿ ಇಟ್ಟ ಹಾಗಿರುತ್ತಿತ್ತು. ಡೇರೆಯ ಆಸ್ಪತ್ರೆಯ ಕರೆ ಬಂದು ನೀನು ಚೀಲ ಕಟ್ಟಿದ ದಿನ, ಪಡಸಾಲೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಮೆಲ್ಲಗೆ ಒಂದು ಮಾತು ಅಂದೆ: "ಅತ್ತೆಗೆ ನನ್ನ ಮೇಲೆ ಕೋಪ ಇರಲಿ ಬಿಡಿ ಮಾವ. ಕೋಪ ಇದ್ರೆ ಊಟ ಮಾಡ್ತಾರೆ. ನಿಮ್ಮ ಮೇಲೆ ಬಂದ್ರೆ ಊಟ ಬಿಡ್ತಾರೆ." ಅಷ್ಟು ಹೇಳಿ ಚೀಲ ಎತ್ತಿಕೊಂಡೆ. ನಾನು ನಿಲ್ಲಿಸಬೇಕಿತ್ತು. ಚೀಲ ಇಳಿಸು, ಒಳಗೆ ಬಾ, ಎಲ್ಲರ ಮುಂದೆ ಹೇಳುತ್ತೇನೆ ಅನ್ನಬೇಕಿತ್ತು. ನಾನು ಅಂದದ್ದೇನು ಗೊತ್ತಾ? "ಜೋಪಾನ, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೋ." 

ಅದಾದ ಮೇಲೆ ನಿತ್ಯ ನಡೆಯುತ್ತಿರುವುದು ಇದು. ಕಾಲು ಜುಮ್ಮೆಂದಾಗಲೆಲ್ಲ ನಿನ್ನ ಅತ್ತೆ ನಿನ್ನನ್ನು ಬೈಯುತ್ತಾಳೆ. ನಾನು "ಹೋಗಲಿ ಬಿಡು, ಚಿಕ್ಕವಳು" ಅನ್ನುತ್ತೇನೆ. ಹೋಗಲಿ ಬಿಡು ಅಂದರೆ ತಪ್ಪು ನಿನ್ನದೇ ಎಂದು ಇನ್ನೊಂದು ಮೊಳೆ ಹೊಡೆದ ಹಾಗೆ ತಾನೇ? ಆದರೆ ಕೇಳಿಸಿಕೊಂಡ ನೆರೆಯವರು ಏನನ್ನುತ್ತಾರೆ ಗೊತ್ತೇ? ಮಾಸ್ತರದು ಎಷ್ಟು ದೊಡ್ಡ ಮನಸ್ಸು, ಸೊಸೆ ಇಷ್ಟು ಮಾಡಿದರೂ ಒಂದು ಕೆಟ್ಟ ಮಾತು ಆಡುವುದಿಲ್ಲ ಅನ್ನುತ್ತಾರೆ. ಹಲ್ಲಿನ ಡಾಕ್ಟರು ಮೊನ್ನೆ ದಾರಿಯಲ್ಲಿ ಸಿಕ್ಕಿ ನನ್ನ ಕೈ ಹಿಡಿದುಕೊಂಡು, "ಸೊಸೆ ಮೇಲೆ ಬೇಜಾರು ಇಟ್ಕೋಬೇಡಿ ಮಾಸ್ತರ್. ಅಷ್ಟು ದಣಿದಿದ್ರು, ಏನೋ ಹೇಳಿ ಹೋಗಿರ್ತಾರೆ. ತಪ್ಪನ್ನ ಒಪ್ಪಿಕೊಂಡ್ರಲ್ಲ, ಅದು ದೊಡ್ಡದು" ಅಂದರು. ಆ ಮನುಷ್ಯ ನನಗೆ ಸಮಾಧಾನ ಹೇಳಿದರು, ನಾನು ಹೇಳಿಸಿಕೊಂಡು ಬಂದೆ. ಈ ದೊಡ್ಡ ಮನಸ್ಸಿನ ಅಂಗಿಯನ್ನು ನಾನು ಯಾರ ಅಳತೆಗೆ ಹೊಲಿದೆನೋ, ಹಾಕಿಕೊಂಡು ತಿರುಗುತ್ತಿದ್ದೇನೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಗಿರಾಕಿಗಳ ಬಟ್ಟೆ ಸುತ್ತಿ ಬಂದ ಹಳೇ ಪೇಪರಿನಿಂದ ಅಕ್ಷರ ಕಲಿತವನು. ಹಾಗೆ ಕಲಿತವರಿಗೆ ಒಂದು ರೋಗ ಇರುತ್ತದೆ, ನಾಲ್ಕು ಅಕ್ಷರ ಬಂದ ಕೂಡಲೇ ಐದನೆಯದು ಊಹೆಯಲ್ಲೇ ಗೊತ್ತಾಗುತ್ತದೆ ಅಂದುಕೊಳ್ಳುತ್ತೇವೆ. ಹೊಲಿಗೆ ಗೊತ್ತಿದ್ದರೆ ಸಾಕು ಅಂದುಕೊಂಡೆ. ಕೆಲವು ಕಡೆ ಹೊಲಿಯದೆ ಕಾಯುವುದೇ ಕೆಲಸ ಅಂತ ನೀನು ಹೇಳಿದ್ದು, ನಿನ್ನ ವಯಸ್ಸು ನೋಡಿ, ನನಗೆ ಕೇಳಿಸಲಿಲ್ಲ.

ಆದ್ದರಿಂದ ಮೇಲೆ ಬರೆದ ಕೆಲಸ ವಾಪಸು ತೆಗೆದುಕೊಂಡಿದ್ದೇನೆ. ನೀನು ಅತ್ತೆಗೆ ಏನೂ ಬರೆಯಬೇಡ. ತಪ್ಪಾಯಿತು ಎಂಬ ಮಾತು ನಿನ್ನ ಕೈಯಿಂದ ಬರಕೂಡದು. ನಾನೇ ಏನಾದರೂ ದಾರಿ ಹುಡುಕುತ್ತೇನೆ, ಮೂಳೆ ಡಾಕ್ಟರಿಗೆ ಇನ್ನೊಂದು ಸಲ ಹೇಳಿ ನೋಡುತ್ತೇನೆ, ಚಳಿಗಾಲ ಮುಗಿಯಲು ಇನ್ನೂ ಸ್ವಲ್ಪ ದಿನ ಇದೆ. ನಿನ್ನ ಕೈ ಚೆನ್ನಾಗಿರಲಿ, ನಿನ್ನ ಮೇಜಿನ ಮೇಲೆ ಮಲಗಿದವರು ಎದ್ದು ನಡೆದು ಹೋಗಲಿ, ಗುಂಡಿನ ಸದ್ದು ನಿಂತ ಮೇಲೆ ಒಂದು ದಿನವಾದರೂ ಯಾರೂ ಬರದೆ ನಿನಗೆ ಕೂತು ಬಿಸಿ ಚಹಾ ಕುಡಿಯುವ ಹಾಗಾಗಲಿ. ನರ್ಸಮ್ಮ ನಿನ್ನ ಜೊತೆಗೇ ಇದ್ದರೆ ಅವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಮಾವ,
ಟೈಲರ್ ಮಾಸ್ತರ

ತಾ.ಕ.: ಪತ್ರ ಮಡಚಿ ಅಂಚೆಗೆ ಹಾಕಲು ಹೊರಟವನು ಗೇಟಿನ ತನಕ ಹೋಗಿ ತಿರುಗಿ ಬಂದೆ. ದಾರಿ ಹುಡುಕುತ್ತೇನೆ ಅಂತ ಬರೆದದ್ದೂ ತಪ್ಪಿಸಿಕೊಳ್ಳುವ ಮಾತೇ. ದಾರಿ ಪಡಸಾಲೆಯ ಕುರ್ಚಿಯಲ್ಲಿ ಕೂತಿದೆ. ಹೋಗಿ ಎದುರಿಗೆ ನೆಲದ ಮೇಲೆ ಕೂತು ನಿನ್ನ ಅತ್ತೆಗೆ ಎಲ್ಲ ಹೇಳಿದೆ, ಟೈರಿನ ಹಿಂದೆ ಆಡಿದ ಸುಳ್ಳು, ಅಂಚು ಹಿಡಿದದ್ದು, ನೀನು ಹೌದು ಅಂದದ್ದು, ಎಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಬೀದಿಯ ಕಡೆ ಮುಖ ತಿರುಗಿಸಿಕೊಂಡು ಅಂದಳು: "ಕಾಲು ಹೋಗಿದ್ದಕ್ಕೆ ಎಂದಾದ್ರೂ ಒಂದಿನ ನಿಮ್ಮನ್ನ ಕ್ಷಮಿಸಿಬಿಡ್ತೀನೇನೋ. ಆ ಹುಡುಗೀನ ಇಷ್ಟು ದಿನ ನನ್ನ ಬಾಯಲ್ಲಿ ಬೈಸಿದ್ರಲ್ಲ, ಅದನ್ನ ಹೇಗೆ ಕ್ಷಮಿಸಲಿ?" ಆಮೇಲೆ ಮಗನಿಗೆ ಫೋನ್ ಹಚ್ಚಿಸಿ ನನ್ನ ಕೈಗೆ ಕೊಟ್ಟಳು, "ಹೇಳಿ" ಅಂದಳು. ಹೇಳಿದೆ. ಅವನು ಕೇಳಿದವನೇ ಫೋನ್ ಇಟ್ಟ, ಈ ಕಾಗದ ಸಿಗುವ ಮೊದಲೇ ನಿನಗೆ ಮಾಡಿರಬಹುದು, ಮತ್ತೆ ಮಾಡಿದರೆ ಎತ್ತು. ನಾಳೆ ಹಲ್ಲಿನ ಡಾಕ್ಟರ ಮನೆಗೆ ಹೋಗುತ್ತೇನೆ. ನಿನ್ನ ಅತ್ತೆ ರಾತ್ರಿಯ ಊಟ ಬೇಡ ಅಂದಿದ್ದಾಳೆ, ನೀನು ಹೇಳಿದ ಹಾಗೇ ಆಯಿತು. ಆದರೆ ಆಪರೇಷನ್‌ಗೆ ಒಪ್ಪಿದ್ದಾಳೆ. ಷರತ್ತು ಒಂದೇ, ಮೂಳೆ ಡಾಕ್ಟರೇ ಮಾಡಲಿ, ಆದರೆ ಅವಳ ತಲೆಯ ಹತ್ತಿರ ನೀನು ನಿಂತಿರಬೇಕಂತೆ. ನಾನು ಆಸ್ಪತ್ರೆಯ ಗೇಟಿನೊಳಗೆ ಬರಕೂಡದಂತೆ. ಬರುವುದಿಲ್ಲ. ರಜೆ ಸಿಕ್ಕ ದಿನ ಹೊರಡು ಮಗೂ. ನನ್ನ ಹತ್ತಿರ ನೀನು ಮಾತಾಡಬೇಕು ಅಂತಿಲ್ಲ. ಬಾ ಅಷ್ಟೆ.